ಓರೆಯಾಗಿ ಕತ್ತರಿಸಿದ ಹಲ್ಲು

ಮಲ್ಲಿಯ ಗದ್ದ ಒದ್ದೆಯಾಗಿತ್ತು. ನೀರು ಕುಡಿದು ಬಂದಿರಬೇಕು ಅಂದುಕೊಂಡೆ. ಮರುದಿನವೂ ಒದ್ದೆ. ಮರುದಿನವೂ ಅದನ್ನೇ ಅಂದುಕೊಂಡೆ. ಹೀಗೆ ಎಷ್ಟು ದಿನ ಎಂದು ಯಾರಾದರೂ ಕೇಳಿದರೆ ಹತ್ತು ಎನ್ನುತ್ತೇನೆ. ಆದರೆ ಹತ್ತು ಎಂಬುದು ಬೈಸಿಕೊಳ್ಳಬಾರದೆಂದು ನಾನು ಡಾಕ್ಟರಿಗೆ ಹೇಳಿದ ಲೆಕ್ಕ. ಹೇಳಿ ಹೇಳಿ ಈಗ ನನಗೂ ಅದೇ ಉಳಿದಿದೆ.

ಮಲ್ಲಿ ಮೊಲ. ಮೈಯೆಲ್ಲ ಬಿಳಿ, ಎಡಗಿವಿಯ ತುದಿ ಮಾತ್ರ ಬೂದು. ವೇದಸಂದೂರಿನ ಗಂಡನ ಮನೆ ಬಿಟ್ಟು ಕಾಮಯಗೌಂಡನ್‌ಪಟ್ಟಿಯ ಅಪ್ಪನ ಮನೆಗೆ ಬಂದ ದಿನ ನನ್ನ ಕೈಯಲ್ಲಿ ಒಂದು ಟ್ರಂಕು ಇತ್ತು, ಕಂಕುಳಲ್ಲಿ ಅದು ಇತ್ತು. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ. ಮೊಲ ಏನು ತಿನ್ನುತ್ತೆ ಎಂದು ಕೇಳಿದರು. ಅದಾಗಿ ಆರು ವರ್ಷ ಕಳೆದಿತ್ತು. ಮಲ್ಲಿಗೆ ಏಳು ದಾಟಿತ್ತು, ಮೊಲಗಳ ಲೆಕ್ಕದಲ್ಲಿ ಮುದುಕಿ.

ಮನೆಯಲ್ಲಿ ನಾವು ಮೂವರು: ಅಪ್ಪ, ನಾನು, ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದ ಅಪ್ಪನ ಅಕ್ಕ. ಅವಳನ್ನು ನಾನು ಅತ್ತೆ ಎನ್ನುತ್ತಿದ್ದೆ. ಅತ್ತೆಗೆ ಒಂದೂ ಹಲ್ಲಿರಲಿಲ್ಲ, ನಾಲಿಗೆ ಮಾತ್ರ ಚೆನ್ನಾಗಿತ್ತು.

"ಏ ಪುಳ್ಳೆ, ನಂಗೆ ಹಲ್ಲು ಬಿದ್ದಾಗ ಯಾರೂ ಗದ್ದ ಹಿಡಿದು ನೋಡ್ಲಿಲ್ಲ," ಎಂದಳು. "ನಿನ್ನ ಮೊಲಕ್ಕೆ ಹಲ್ಲು ಬೆಳೆದ್ರೆ ಮನೆಯೇ ಮುಳುಗೋಯ್ತಾ?"

ಹಲ್ಲು ಬೆಳೆದಿದ್ದು ನಿಜ. ಕೆಳಗಿನ ಎರಡು ಮುಂಬಲ್ಲು ತುಟಿ ಬಿಟ್ಟು ಹೊರಗೆ ಬಂದು ಮೇಲಕ್ಕೆ ಬಾಗಿದ್ದವು. ಮಲ್ಲಿ ದ್ರಾಕ್ಷಿ ಎಲೆಯ ಹತ್ತಿರ ಬರುತ್ತಿತ್ತು, ಮೂಸುತ್ತಿತ್ತು, ಬಾಯಿಗೆ ತೆಗೆದುಕೊಂಡು ಬೀಳಿಸುತ್ತಿತ್ತು. ಮತ್ತೆ ತೆಗೆದುಕೊಳ್ಳುತ್ತಿತ್ತು, ಮತ್ತೆ ಬೀಳಿಸುತ್ತಿತ್ತು. ಹಸಿವಿಲ್ಲದೆ ತಿನ್ನದಿರುವುದು ಬೇರೆ. ಹಸಿದು ತಿನ್ನಲಾರದ್ದನ್ನು ಎದುರಿಗೆ ಕೂತು ನೋಡುವುದು ಬೇರೆ. ಕಡಲೆಯಷ್ಟಿದ್ದ ಹಿಕ್ಕೆ ಮೆಣಸಿನ ಕಾಳಿನಷ್ಟಾಯಿತು. ದಿನವೂ ಬೆಳಿಗ್ಗೆ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಾನು ಹಿಕ್ಕೆ ನೋಡುತ್ತಿದ್ದೆ. ಅಕ್ಕಿಗಾಗಿ ಜನ ಅಂಗಡಿ ಮುಂದೆ ಸಾಲು ನಿಂತಿದ್ದ ವರ್ಷ ಅದು. ಮೊಲದ ಹಿಕ್ಕೆಗೆ ಕಣ್ಣೀರು ಹಾಕುವವಳನ್ನು ಊರು ಏನೆನ್ನುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಬೆಳಕು ಪೂರ್ತಿ ಹರಿಯುವ ಮೊದಲೇ ನೋಡಿ ಗುಡಿಸಿಬಿಡುತ್ತಿದ್ದೆ.

ಆಮೇಲೆ ಕತ್ತರಿ.

ನಮ್ಮ ಕಡೆಯ ಯಾರ ಮನೆಯಲ್ಲೂ ಕವಾತ್ತು ಕತ್ತರಿ ಇದ್ದೇ ಇರುತ್ತದೆ. ವರ್ಷಕ್ಕೆ ಎರಡು ಸಲ ದ್ರಾಕ್ಷಿ ಬಳ್ಳಿಯನ್ನು ಕತ್ತರಿಸಿ ಹೊಸ ಚಿಗುರಿಗೆ ದಾರಿ ಮಾಡುವ ಕೆಲಸಕ್ಕೆ ಕವಾತ್ತು ಎನ್ನುತ್ತೇವೆ. ಗಟ್ಟಿಯಾದದ್ದು, ಉದ್ದವಾದದ್ದು, ಬಾಗಿದ್ದು ಏನೇ ಕಣ್ಣಿಗೆ ಬಿದ್ದರೂ ನಮ್ಮ ಕೈ ಆ ಕತ್ತರಿಗೇ ಹೋಗುತ್ತದೆ. ಎತ್ತಿನ ಗೊರಸಿಗೂ ಅದೇ, ಮುದುಕರ ಕಾಲುಗುರಿಗೂ ಅದೇ. ನಾನು ಮಲ್ಲಿಯನ್ನು ಹೆಗಲಿಗೆ ಹಾಕುವ ಟವೆಲ್ಲು, ನಮ್ಮ ಮಾತಿನ ತುಂಡಿನಲ್ಲಿ, ಸುತ್ತಿ ಹಿಡಿದೆ, ಅಪ್ಪ ಕತ್ತರಿಸಿದರು. ಟಕ್ ಎಂದು ಸದ್ದಾಯಿತು, ಇನ್ನೊಂದು ಸಲ ಟಕ್. ಮಲ್ಲಿ ಕಿರುಚಲಿಲ್ಲ. ಸಂಜೆ ಎಲೆ ತಿಂದಿತು. ಅಪ್ಪ ಹಿತ್ತಿಲಿಗೆ ಬಂದು ಆ ಕರಕರ ಸದ್ದು ಕೇಳಿ ಹೋದರು.

ತಿಂಗಳು ಕಳೆಯುವುದರೊಳಗೆ ಗದ್ದದ ಕೆಳಗೆ ಗಂಟು ಬಂತು. ಮೊದಲು ಹುಣಿಸೆ ಬೀಜದಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು. ಬಾಯಿ ವಾಸನೆ ಬರತೊಡಗಿತು. ಪಕ್ಕದ ಕಂಬ ಪಟ್ಟಣದಲ್ಲಿ ದನಗಳನ್ನು ನೋಡುತ್ತಿದ್ದ ಡಾಕ್ಟರು ಮೊಲದ ಬಾಯಿಯನ್ನು ಈ ಮುಂಚೆ ನೋಡಿಲ್ಲ ಎಂದು ನೇರವಾಗಿ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಅವರ ಉಪಕಾರವನ್ನು ನಾನು ಮರೆತಿಲ್ಲ. ದಿಂಡಿಗಲ್ಲಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಕೆಲಸದಿಂದ ನಿವೃತ್ತರಾಗಿ ಮನೆಯಲ್ಲೇ ಪ್ರಾಣಿಗಳನ್ನು ನೋಡುತ್ತಾರೆ ಎಂದು ಬೀದಿಯ ಗುರುತು ಹೇಳಿ ಕಳಿಸಿದರು.

"ದಿಂಡಿಗಲ್ಲಿಗೆ," ಅತ್ತೆ ಎಂದಳು. "ಮೊಲಾನ ಬಸ್ಸಲ್ಲಿ ಕೂಟಿಗೊಂಡು ಹೋಗೋದಂತೆ. ಕೊಯ್ದು ಕೊಳಂಬು ಮಾಡಿದ್ರೆ ಅರ್ಧ ಗಂಟೆ ಕೆಲ್ಸ."

"ನೀ ಸುಮ್ನಿರಕ್ಕ," ಅಪ್ಪ ಎಂದರು. ಅವರು ಆಗಲೇ ದ್ರಾಕ್ಷಿ ತುಂಬುವ ಮರದ ಪೆಟ್ಟಿಗೆಯೊಂದಕ್ಕೆ ತೂತು ಕೊರೆಯುತ್ತಿದ್ದರು.

ಬಸ್ಸಿನಲ್ಲಿ ಆಡು, ಕೋಳಿ ಒಳಗೆ ತರುವಂತಿಲ್ಲ, ಮೇಲೆ ಹಾಕಬೇಕು. ಕಂಡಕ್ಟರು ಪೆಟ್ಟಿಗೆ ತೋರಿಸಿ ಏನು ಎಂದು ಕೇಳಿದ. ಅಪ್ಪ "ದ್ರಾಕ್ಷಿ" ಎಂದರು. ಒಂದು ಸುಳ್ಳನ್ನೂ ಸರಿಯಾಗಿ ಹೇಳಲು ಬಾರದ ಮುಖ ಅದು. ಕಂಡಕ್ಟರು ಮುಚ್ಚಳ ಸ್ವಲ್ಪ ಎತ್ತಿ ನೋಡಿದ. ಒಳಗಿನಿಂದ ಒದ್ದೆ ಗದ್ದದ ಬಿಳಿ ಮುಖ ಅವನನ್ನು ನೋಡಿತು. ಅವನು ಮುಚ್ಚಳ ಇಳಿಸಿ, "ಹಣ್ಣು ತುಂಬಾ ಮಾಗಿದೆ ಪೆರಿಯವರೇ, ಬಿಸಿಲಿಗೆ ಇಡಬೇಡಿ," ಎಂದು ಮುಂದಕ್ಕೆ ಹೋದ.

ಇದೆಲ್ಲ ನಡೆದದ್ದು ಬೀದಿಯ ತಮಿಳಿನಲ್ಲಿ ಮತ್ತು ನಮ್ಮ ಮನೆಯ ಕನ್ನಡದಲ್ಲಿ. ಈ ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ತುಂಬಾ ತಡವಾಗಿ. ಇವು ಎಲ್ಲರನ್ನೂ ಸ್ವಲ್ಪ ನೆಟ್ಟಗೆ ನಿಲ್ಲಿಸಿಬಿಡುತ್ತವೆ. ಡಾಕ್ಟರು ಆಡಿದ್ದೆಲ್ಲ ತಮಿಳು. ನಾನು ಅದನ್ನು ಕನ್ನಡದಲ್ಲಿ ಬರೆಯುವಾಗ ಅವರ ಅರ್ಧ ಗೊಗ್ಗರು ದನಿ ಆಗಲೇ ಕಳೆದುಹೋಗಿದೆ.

ಬೆಟ್ಟದ ಬುಡದ ಬೀದಿಯಲ್ಲಿ ಅವರ ಮನೆ. ಚರ್ಮ ಹದಮಾಡುವ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಜಗಲಿಯಲ್ಲಿ ಕೂತವರು ಸೆರಗನ್ನೋ ತುಂಡನ್ನೋ ಮೂಗಿಗೆ ಹಿಡಿಯುತ್ತಿದ್ದರು. ಒಂದು ಆಡು, ಕಾಲು ಕಟ್ಟಿದ ಒಂದು ಹುಂಜ, ಬೀಗ ಮಾಡುವವರೊಬ್ಬರ ಕುರುಡು ನಾಯಿ. ಪ್ರಾಣಿಗಳ ಡಾಕ್ಟರ ಜಗಲಿಯಲ್ಲಿ ಯಾರೂ ಯಾರಿಗೂ ಏನು ಕಾಯಿಲೆ ಎಂದು ಕೇಳುವುದಿಲ್ಲ. ಕೇಳಿದರೆ ಇಷ್ಟು ದೂರ ಯಾಕೆ ಬಂದಿರಿ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಆಡಿನ ಮುದುಕಿ ಮಾತ್ರ ತನ್ನ ಆಡಿಗೆಂದು ತಂದ ಕೊತ್ತಂಬರಿ ಕಟ್ಟಿನಿಂದ ಎರಡು ಕಡ್ಡಿ ಕಿತ್ತು ಪೆಟ್ಟಿಗೆಯ ತೂತಿನೊಳಗೆ ತೂರಿಸಿದಳು. ಮಲ್ಲಿ ತಿನ್ನಲಿಲ್ಲ. ಆದರೂ ಮುದುಕಿ ಮೂರನೆಯ ಕಡ್ಡಿ ತೂರಿಸಿದಳು.

ಡಾಕ್ಟರು ಮಲ್ಲಿಯನ್ನು ಮೇಜಿನ ಮೇಲಿಟ್ಟು, ತುಟಿ ಸರಿಸಿ ನೋಡಿದರು. ಟಾರ್ಚು ಹಿಡಿದು ಇನ್ನೊಮ್ಮೆ ನೋಡಿದರು.

"ಓರೆಯಾಗಿ ಕತ್ತರಿಸಿದ್ದೀರಿ. ದ್ರಾಕ್ಷಿ ತೋಟದವರೋ?"

ಅಪ್ಪ ಹೌದು ಎಂದರು.

"ಬಳ್ಳಿಯನ್ನು ಓರೆಯಾಗಿ ಕತ್ತರಿಸಿದರೆ ನೀರು ನಿಲ್ಲುವುದಿಲ್ಲ, ಒಪ್ಪುತ್ತೇನೆ. ಇದು ಹಲ್ಲು. ಬುಡದವರೆಗೆ ಸೀಳಿದೆ. ಆ ಸೀಳಿನಲ್ಲೇ ಕೀವು ಇಳಿದಿದೆ. ಯಾರು ಕತ್ತರಿಸಿದ್ದು?"

"ನಾನ್," ಅಪ್ಪ ಎಂದರು.

ಇಲ್ಲಿ ನಾನು ಹಿಂದೆ ಹೋಗಿ ಒಂದು ವಾಕ್ಯವನ್ನು ಹೊಡೆದುಹಾಕಬೇಕು. ಅಪ್ಪ ಕತ್ತರಿಸಿದರು ಎಂದು ಬರೆದೆ. ಮೂರು ವರ್ಷದಿಂದ ಅಪ್ಪನ ಬಲಗೈ ನಡುಗುತ್ತಿತ್ತು, ಅವರು ಕತ್ತರಿ ಮುಟ್ಟುವುದನ್ನು ಬಿಟ್ಟಿದ್ದರು. ನಮ್ಮ ತೋಟದ ಕವಾತ್ತು ಪೂರ್ತಿ ನನ್ನದಾಗಿತ್ತು. ತುಂಡು ಅಪ್ಪನದು, ಹಿಡಿದವರು ಅಪ್ಪ. ಕತ್ತರಿಸಿದ್ದು ನಾನು. ಓರೆ ಕೊಯ್ತದಲ್ಲಿ ಕಂಬದ ಕಣಿವೆಯಲ್ಲೇ ನನ್ನಷ್ಟು ಅಚ್ಚುಕಟ್ಟು ಯಾರೂ ಇಲ್ಲ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯಿಂದಲೇ ಕತ್ತರಿಸಿದೆ. ಕತ್ತರಿಯ ಸ್ಪ್ರಿಂಗು ಅಂಗೈಯನ್ನು ಒತ್ತಿ ಹಿಂದಕ್ಕೆ ತಳ್ಳಿದ್ದು ಈಗಲೂ ಗೊತ್ತಾಗುತ್ತದೆ. ಆದರೆ ಅಪ್ಪ "ನಾನ್" ಎಂದ ಮೇಲೆ ನಾನೂ ಹಾಗೇ ನೆನಪಿಟ್ಟುಕೊಂಡೆ. ಕೇಳಿದವರಿಗೆಲ್ಲ ಅಪ್ಪ ಕತ್ತರಿಸಿದರು ಎಂದೇ ಹೇಳಿಕೊಂಡು ಬಂದೆ. ಈ ಬರಹವನ್ನು ಶುರುಮಾಡಿದಾಗಲೂ ಕೈ ಅದನ್ನೇ ಬರೆಯಿತು.

ಆ ದಿನ ಡಾಕ್ಟರ ಮುಂದೆ ನಾನು ಬಾಯಿ ಬಿಡಲಿಲ್ಲ. ಅವರು ಅಪ್ಪನನ್ನೇ ನೋಡುತ್ತಾ ಮಾತಾಡಿದರು.

"ಸೀಳಿದ ಹಲ್ಲು ಕೀಳಬೇಕು. ಒಳಗೆ ಕೆನ್ನೆ ಕಡೆಯ ಹಲ್ಲುಗಳು ಮುಳ್ಳಿನಂತೆ ಬೆಳೆದು ನಾಲಿಗೆಯನ್ನು ಕೊಯ್ಯುತ್ತಿವೆ. ಅವನ್ನು ಅರದಿಂದ ಉಜ್ಜಬೇಕು. ಎಚ್ಚರ ಇರುವಾಗ ಮಾಡಿದರೆ ಒದ್ದಾಡಿ ಬೆನ್ನುಮೂಳೆ ಮುರಿದುಕೊಳ್ಳುತ್ತೆ. ಹೆದರಿಕೆಗೇ ಸಾಯಬಹುದು. ಮಯಕ್ಕ ಕೊಡಬೇಕು."

ಮಯಕ್ಕ ಎಂದರೆ ಮತ್ತು ಬರಿಸುವ ಔಷಧ. ಅಲ್ಲಿದ್ದದ್ದು ಈಥರ್.

"ಕೊಟ್ಟರೆ ಏಳುತ್ತಾ?" ಅಪ್ಪ ಕೇಳಿದರು.

"ಕುದುರೆಗೆ ಕೊಟ್ಟಿದ್ದೇನೆ, ನಾಯಿಗೆ ಕೊಟ್ಟಿದ್ದೇನೆ. ಮೊಲ ಬೇರೆ ಜಾತಿ. ಆ ವಾಸನೆ ಬಂದ ಕೂಡಲೇ ಉಸಿರು ಬಿಗಿಹಿಡಿಯುತ್ತೆ. ಹಿಡಿದು ಹಿಡಿದು ಒಮ್ಮೆಲೇ ಎಳೆದುಕೊಳ್ಳುತ್ತೆ. ಕೆಲವು ಅಲ್ಲೇ ಹೋಗುತ್ತವೆ. ನನ್ನ ಕೈಯಲ್ಲಿ ನಾಲ್ಕು ಮೊಲಕ್ಕೆ ಕೊಟ್ಟೆ. ಎರಡು ಎದ್ದವು. ಅವು ಎರಡೂ ಎಳೆಯವು."

"ಕೊಡದಿದ್ದರೆ?"

"ಹಸಿವಿನಿಂದ ಹೋಗುತ್ತೆ. ಬೇಡ ಅಂದರೆ ಸೂಜಿ ಹಾಕಿ ನೋವಿಲ್ಲದೆ ಮುಗಿಸಿಕೊಡುತ್ತೇನೆ. ಅದರಲ್ಲೂ ತಪ್ಪಿಲ್ಲ. ಹೊರಗೆ ಕೂತು ಯೋಚಿಸಿ ಹೇಳಿ."

ಹೊರಗೆ ಕೂತೆವು. ಯೋಚಿಸಿದೆವು ಎಂದು ಹೇಳಲಾರೆ. ಕುರುಡು ನಾಯಿ ಪೆಟ್ಟಿಗೆಯನ್ನು ಮೂಸಿ, ಅದಕ್ಕೇ ಒರಗಿ ಮಲಗಿತು. ಅಪ್ಪ ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಯಾವುದಕ್ಕೆ ಹೂಂ ಎಂದರೂ ಕೊಲ್ಲುವುದು ನಾನೇ ಎಂಬುದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಕೊಡಿ ಎಂದರೆ ಇವತ್ತು, ಬೇಡ ಎಂದರೆ ಬರುವ ವಾರ.

"ತಾಯಿ," ಅಪ್ಪ ಎಂದರು. ನಮ್ಮ ಕಡೆ ಮಗಳನ್ನು ಹಾಗೇ ಕರೆಯುತ್ತಾರೆ. "ಅದು ಇನ್ನೂ ಎಲೆ ಹತ್ರ ಬರ್ತದೆ. ಬಾಯಿಗೆ ತಕ್ಕೊಂತದೆ. ಬ್ಯಾಡ ಅಂದಿಲ್ಲ ಅದು."

ಅಷ್ಟು ಹೇಳಿ ಎದ್ದು ಒಳಗೆ ಹೋದರು. ನಾನು ಹಿಂದೆ ಹೋದೆ.

ಟೀ ಸೋಸುವ ಜರಡಿಯಲ್ಲಿ ಹತ್ತಿ ಇಟ್ಟು ಡಾಕ್ಟರು ಅದನ್ನು ಮಲ್ಲಿಯ ಮೂಗಿನ ಮುಂದೆ ಹಿಡಿದರು. ಸೀಸೆಯಿಂದ ತೊಟ್ಟು ತೊಟ್ಟಾಗಿ ಬಿಟ್ಟರು. ಸಿಹಿಯಾದ, ತಣ್ಣನೆಯ ವಾಸನೆ. "ಎದೆಯ ಪಕ್ಕ ಎರಡು ಬೆರಳು ಇಡು," ಎಂದರು ನನಗೆ. "ಎಣಿಸಬೇಡ, ಎಣಿಸಲು ಸಿಗುವುದಿಲ್ಲ. ಹೊಡೆಯುತ್ತಿದೆ ಅಂತ ಹೇಳುತ್ತಲೇ ಇರು. ನಿಂತರೆ ನಿಲ್ಲಿಸು."

ನಾನು ಹೇಳುತ್ತಾ ಹೋದೆ. ತಮಿಳಿನಲ್ಲಿ ಶುರುಮಾಡಿದೆ. ಎಲ್ಲೋ ಮಧ್ಯದಲ್ಲಿ ಅದು ಮನೆಯ ಮಾತಿಗೆ ತಿರುಗಿತು. ಅದೆ. ಅದೆ. ಅದೆ. ಡಾಕ್ಟರು ಬೇಡವೆನ್ನಲಿಲ್ಲ. ಹಲ್ಲು ಬಂತು. ಗಂಟಿನಿಂದ ಬೆಣ್ಣೆಯಂಥ ಗಟ್ಟಿ ಕೀವು ಬಂತು. ಅರದ ಸದ್ದು ಬಂತು. ಕೊನೆಗೆ ಮಲ್ಲಿಯ ಬೂದು ಕಿವಿ ತುದಿ ಒಂದು ಸಲ ಅಲುಗಿತು. ಅಪ್ಪ ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ನಾನು ಕರೆದರೂ ತಿರುಗಲಿಲ್ಲ.

ಇದನ್ನು ಬರೆಯುತ್ತಿರುವುದು ಯಾರಿಗೆ? ಹಿತ್ತಿಲಲ್ಲಿ ಬೆಳಗಾಗುವ ಮೊದಲು ಹಿಕ್ಕೆ ನೋಡಿ ಗುಡಿಸಿಬಿಡುವವರಿಗೆ. ಇಷ್ಟು ಚಿಕ್ಕ ಜೀವಕ್ಕೆ ಇಷ್ಟು ಅಳುವುದಕ್ಕೆ ನಾಚಿಕೊಂಡು ಬೀದಿಯಲ್ಲಿ ಏನೂ ಆಗದವರಂತೆ ನಡೆಯುವವರಿಗೆ. ನಿಮಗೆ ಹೇಳಬೇಕಾದದ್ದನ್ನು ಯಾರೂ ಮೊದಲೇ ಹೇಳುವುದಿಲ್ಲ: ಮಯಕ್ಕದಿಂದ ಎದ್ದರೆ ಮುಗಿಯಲಿಲ್ಲ. ಕಿತ್ತ ಹಲ್ಲು ಹೋಯಿತು, ಕೆನ್ನೆ ಹಲ್ಲು ಮತ್ತೆ ಬೆಳೆಯುತ್ತದೆ. ಎಂಟು ವಾರ, ಹತ್ತು ವಾರ. ಅದೇ ಪೆಟ್ಟಿಗೆ, ಅದೇ ಜಗಲಿ, ಅದೇ ಪ್ರಶ್ನೆ. ಒಮ್ಮೆ ಧೈರ್ಯ ಮಾಡಿದ್ದು ಇನ್ನೊಮ್ಮೆಗೆ ಸಾಲುವುದಿಲ್ಲ.

ಆ ವಾರಗಳಲ್ಲಿ ನಾನು ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ, ಎಳೆಕೂಸಿಗೆ ಹಾಲು ಹಾಕುವ ಒಳಲೆಯಿಂದ ಮಲ್ಲಿಯ ಬಾಯಿಯ ಪಕ್ಕಕ್ಕೆ ಬಿಡುತ್ತಿದ್ದೆ. ಅರ್ಧ ಒಳಗೆ, ಅರ್ಧ ನನ್ನ ಮಡಿಲಿಗೆ. ಬರೀ ಗಂಜಿ ಸಾಲದು, ಹುಲ್ಲಿನ ನಾರು ಹೊಟ್ಟೆಗೆ ಹೋಗಬೇಕು, ಹೊಟ್ಟೆ ಖಾಲಿ ಬಿಡಲೇಬಾರದು ಎಂದು ಡಾಕ್ಟರು ಹೇಳಿದ್ದರು. ಹುಲ್ಲನ್ನು ಎಷ್ಟು ಸಣ್ಣಗೆ ಹೆಚ್ಚಿದರೂ ಅದು ನುಂಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಗಳದಿಂದ ಟಣ್ ಟಣ್ ಸದ್ದು ಬಂತು. ಅತ್ತೆ ಎಲೆಯಡಿಕೆ ಕುಟ್ಟುತ್ತಿದ್ದಾಳೆ ಅಂದುಕೊಂಡೆ. ಹಲ್ಲಿಲ್ಲದ ಅವಳಿಗೆ ಆ ಪುಟ್ಟ ಕಬ್ಬಿಣದ ಕುಟ್ಟಾಣಿಯೇ ಹಲ್ಲು. ಹೋಗಿ ನೋಡಿದರೆ ಅದರಲ್ಲಿ ಗರಿಕೆ ಹಾಕಿ ಕುಟ್ಟುತ್ತಿದ್ದಳು. ಹಸಿರು ಮುದ್ದೆಯಾಗಿತ್ತು.

"ಸುಣ್ಣದ ವಾಸನೆ ಹೋಗ್ಲಿ ಅಂತ ಮೂರು ಸಲ ತೊಳ್ದಿದೀನಿ," ಎಂದಳು ತಲೆ ಎತ್ತದೆ. "ಒಂದು ಮನೇಲಿ ಎರಡು ಬೊಕ್ಕು ಬಾಯಿ. ಯಾರ್ಗೆ ಮೊದ್ಲು ಕುಟ್ಟೋದು ಹೇಳು."

ಮಲ್ಲಿ ಆ ಮುದ್ದೆ ತಿಂದಿತು. ಅಂದಿನಿಂದ ಆ ಕುಟ್ಟಾಣಿಯಲ್ಲಿ ಗರಿಕೆ ಬಿಟ್ಟು ಬೇರೇನೂ ಬೀಳಲಿಲ್ಲ. ಎಲೆಯಡಿಕೆ ಇಲ್ಲದೆ ಅತ್ತೆ ಎಲ್ಲರ ಮೇಲೂ ಸಿಡುಕುತ್ತಾ ದಿನ ಕಳೆದಳು.

ಎರಡನೆಯ ಪ್ರಯಾಣವೂ ಮೂರನೆಯದೂ ನನ್ನಲ್ಲಿ ಬೆರೆತುಹೋಗಿವೆ. ಪೆರಿಯಕುಳಂ ಹತ್ತಿರ ಮಳೆ ಬಂದು ಅಪ್ಪ ಪೆಟ್ಟಿಗೆಯ ಮೇಲೆ ಬಾಗಿ ಕೂತದ್ದು ಎರಡನೆಯದರಲ್ಲಿ ಇರಬೇಕು. ಎರಡನೆಯ ಸಲ ಮಲ್ಲಿ ಎಚ್ಚರಗೊಳ್ಳಲು ತುಂಬಾ ಹೊತ್ತು ಹಿಡಿಯಿತು. ಡಾಕ್ಟರು ಅದನ್ನು ತಮ್ಮ ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಜಗಲಿಯಲ್ಲಿ ಅತ್ತಿತ್ತ ಓಡಾಡಿದರು. ಇಷ್ಟು ಖಚಿತ.

ಮೂರನೆಯ ಸಲ ಅದು ಎರಡು ದಿನದಿಂದ ಗರಿಕೆ ಮುದ್ದೆಯನ್ನೂ ಬಿಟ್ಟಿತ್ತು. ಗದ್ದದ ಗಂಟು ಮತ್ತೆ ಬಂದಿತ್ತು. ಮೈ ಮುಟ್ಟಿದರೆ ಕೂದಲ ಕೆಳಗೆ ಬರೀ ಮೂಳೆ. ಡಾಕ್ಟರು ತುಟಿ ಸರಿಸಿ ನೋಡಿ ಟಾರ್ಚು ಕೆಳಗಿಟ್ಟರು.

"ಈ ಸಲ ಏಳುವುದು ಕಷ್ಟ. ನಾನಾದರೆ ಸೂಜಿ ಹಾಕುತ್ತೇನೆ. ಆದರೆ ಇದು ನನ್ನ ಮೊಲ ಅಲ್ಲ."

ಅವರು ರೂಢಿಯಂತೆ ಅಪ್ಪನನ್ನು ನೋಡಿದರು. ಅಪ್ಪ ನನ್ನನ್ನು ನೋಡಿದರು.

ಮಲ್ಲಿ ಮೇಜಿನ ಮೇಲೆ ಕೂತಿತ್ತು. ಮೇಜಿನ ಮೂಲೆಯಲ್ಲಿ ಯಾರೋ ಬಿಟ್ಟ ಹುಲ್ಲಿನ ಎಳೆಯೊಂದಿತ್ತು. ಅದು ಕುತ್ತಿಗೆ ಚಾಚಿ ಆ ಎಳೆಯನ್ನು ಬಾಯಿಗೆ ತೆಗೆದುಕೊಂಡಿತು, ಬೀಳಿಸಿತು. ಬೇಡ ಅಂದಿಲ್ಲ ಅದು ಎಂದು ಅಪ್ಪ ಹೇಳಿದ್ದು ನೆನಪಾಯಿತು. ಆ ಎಳೆ ಅಲ್ಲಿ ಇತ್ತೋ, ಹೂಂ ಎಂದದ್ದಕ್ಕೆ ಕಾರಣ ಬೇಕೆಂದು ಆಮೇಲೆ ನಾನೇ ಅಲ್ಲಿ ಇಟ್ಟೆನೋ, ಪ್ರಮಾಣ ಮಾಡಿ ಹೇಳಲಾರೆ. ಹೂಂ ಎಂದದ್ದು ನಾನು. ಅದನ್ನು ಮಾತ್ರ ಯಾರ ಮೇಲೂ ಹಾಕುವುದಿಲ್ಲ.

"ಮಯಕ್ಕ ಕೊಡಿ," ಎಂದೆ.

ಜರಡಿ, ಹತ್ತಿ, ಸೀಸೆ. ಎರಡು ಬೆರಳು ಎದೆಯ ಪಕ್ಕ ಇಟ್ಟೆ. ಬೆರಳಿನ ಕೆಳಗೆ ಹೊಡೆತ ಸಣ್ಣ ಯಂತ್ರದಂತೆ ಓಡುತ್ತಿತ್ತು. ಅದೆ. ಅದೆ. ಅದೆ. ಮಲ್ಲಿ ಉಸಿರು ಹಿಡಿಯಿತು. ಡಾಕ್ಟರು ಜರಡಿಯನ್ನು ದೂರ ಸರಿಸಿ ಕಾದರು. ಅದು ಉಸಿರು ಎಳೆದುಕೊಂಡಿತು. ಮತ್ತೆ ಒಂದು ತೊಟ್ಟು. ಹೊಡೆತ ನಿಧಾನವಾಯಿತು. ಈ ಸಲ ಹೆದರಿಲ್ಲ, ಸಮಾಧಾನವಾಗಿದೆ ಎಂದು ನನಗೆ ಸಂತೋಷವಾಯಿತು. ಬೆರಳನ್ನು ಇನ್ನಷ್ಟು ಒತ್ತಿ ಹಿಡಿದೆ. ಸ್ಪಷ್ಟವಾಗಿ, ಒಂದೇ ಸಮನೆ ಹೊಡೆಯುತ್ತಿತ್ತು. ಅದೆ, ಎಂದೆ. ಅದೆ.

ಡಾಕ್ಟರು ಸೀಸೆಯನ್ನು ಕೆಳಗಿಟ್ಟರು. ನನ್ನ ಎರಡು ಬೆರಳನ್ನು ಹಿಡಿದು ಮೆಲ್ಲಗೆ ಎತ್ತಿದರು. ಗಾಳಿಯಲ್ಲೂ ಅದು ಹೊಡೆಯುತ್ತಲೇ ಇತ್ತು.

"ಅದು ನಿನ್ನ ನಾಡಿಯಮ್ಮ," ಎಂದರು.

ಮೂರು ಸಲವೂ ಕೊಡಿಸಿದ್ದು ಸರಿಯೇ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಮೊದಲ ಎರಡು ಸಲದಿಂದ ಅದಕ್ಕೆ ಒಂದಿಷ್ಟು ಗರಿಕೆ ಸಿಕ್ಕಿತು, ಹಿತ್ತಿಲ ಬಿಸಿಲು ಸಿಕ್ಕಿತು. ಮೂರನೆಯದರಿಂದ ನನಗೇ ಏನೋ ಬೇಕಿತ್ತು, ಅದಕ್ಕಲ್ಲ ಎಂದು ಕೆಲವು ದಿನ ಅನಿಸುತ್ತದೆ. ಕೆಲವು ದಿನ ಆ ಹುಲ್ಲಿನ ಎಳೆ ನಿಜವಾಗಿಯೂ ಅಲ್ಲಿತ್ತು ಅನಿಸುತ್ತದೆ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ, ನಾನು ಈ ಕಡೆ. ಪೆಟ್ಟಿಗೆ ಅವರ ತೊಡೆಯ ಮೇಲೆ. ಮಲ್ಲಿಯನ್ನು ಅವರ ತುಂಡಿನಲ್ಲಿ ಸುತ್ತಿ ಒಳಗಿಟ್ಟಿದ್ದೆವು. ಊರು ದಾಟಿದ ಮೇಲೆ ನಾನು ಹೇಳಿದೆ:

"ಕತ್ತರೀಲಿ ಹಲ್ಲು ವೆಟ್ಟಿದ್ದು ನಾನು ಅಂತ ಅವತ್ತೇ ಡಾಕ್ಟರ್ಗೆ ಹೇಳ್ಬೇಕಿತ್ತಪ್ಪಾ."

ಅಪ್ಪ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟರು.

"ಹಿಡ್ಕೊಂಡೋನು ನಾನಲ್ವಾ ತಾಯಿ," ಎಂದರು.

ಪೆಟ್ಟಿಗೆಯ ತೂತುಗಳನ್ನು ಅವರು ಪ್ರತಿಸಲದಂತೆ ಗಾಳಿ ಬರುವ ಕಡೆಗೆ ತಿರುಗಿಸಿ ಹಿಡಿದಿದ್ದರು. ವತ್ತಲಗುಂಡು ದಾಟಿ ಬಸ್ಸು ಹೊರಳಿದಾಗ ಬಿಸಿಲು ನಮ್ಮ ಕಡೆಗೆ ಬಂತು. ಅಪ್ಪ ನಡುಗುವ ಕೈಯಿಂದ ಪೆಟ್ಟಿಗೆಯನ್ನು ನೆರಳಿಗೆ ಸರಿಸಿದರು.